ಗಾಡಿಕೊಟ್ಟಿಗೆಯಲ್ಲಿದ್ದ ಆಸ್ಟಿನ್

ಕಳೆದ ತಿಂಗಳು ಒಂದು ಸಂಜೆ, ಮಳೆ ತುಸು ಬಿಡುವು ಕೊಟ್ಟಿದ್ದ ಹೊತ್ತಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ. ಕುಶಲ ಸಮಾಚಾರ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ವಿಷಯಕ್ಕೆ ಬಂದ. "ಸರ್, ಕಾಸರಗೋಡಿನ ಕಡೆ ಒಂದು ಮನೆಯ ಕೊಟ್ಟಿಗೆಯಲ್ಲಿ ಆಸ್ಟಿನ್ ಎ-40 ಕಾರು ಇದೆಯಂತೆ, 1951ರದ್ದು. ಮನೆಯವರು ಮಾರುತ್ತಾರಂತೆ. ನೀವು ಎಂಟನೆಯ ತರಗತಿಯಲ್ಲಿ ನಿಮ್ಮ ಮಾವನ ಆಸ್ಟಿನ್ ಕಾರಿನ ಕತೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ತೆಗೆದುಕೊಳ್ಳಲೋ ಬೇಡವೋ, ನೀವು ಹೇಳಿ" ಎಂದ.

ತರಗತಿಯಲ್ಲಿ ನಾನು ಆ ಕತೆಯನ್ನು ಹೇಳುತ್ತಿದ್ದುದು ನಿಜ. ಆದರೆ ಅರ್ಧ ಮಾತ್ರ ಹೇಳುತ್ತಿದ್ದೆ. ಉಳಿದರ್ಧವನ್ನು ಮಕ್ಕಳ ಮುಂದೆ ಹೇಳಲು ನಾಲಿಗೆ ಬರುತ್ತಿರಲಿಲ್ಲ. ಈಗ ನಿವೃತ್ತನಾಗಿ ಕೆಲವು ವರ್ಷಗಳು ಸಂದಿವೆ. ಅವನಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ನಿಮ್ಮೆಲ್ಲರ ಎದುರಿಗೇ ಬರೆದುಬಿಡುತ್ತೇನೆ. ಸಂಬಂಧಿಕರಲ್ಲಿ ಕೆಲವರಿಗೆ ಇದರ ಒಂದು ಭಾಗ ಗೊತ್ತಿರಬಹುದು.

ಮೊದಲಿಗೆ ಒಂದು ಸಣ್ಣ ವಿಷಯ. ಹೊರಊರಿನಿಂದ ಬಂದವರು ಮಂಗಳೂರಿನ ಕಾರ್‌ಸ್ಟ್ರೀಟ್ ಎಂಬ ಹೆಸರು ಕೇಳಿದೊಡನೆ, ಈ ಊರಿಗೆ ಮೊದಲ ಮೋಟಾರು ಕಾರು ಅಲ್ಲಿಗೇ ಬಂದಿರಬೇಕು ಎಂದು ಭಾವಿಸುವುದುಂಟು. ಅದು ವೆಂಕಟರಮಣ ದೇವರ ರಥಬೀದಿ. ರಥಕ್ಕೆ ಇಂಗ್ಲಿಷಿನವರು ಕಾರ್ ಎಂದರು, ಬೀದಿ ಕಾರ್‌ಸ್ಟ್ರೀಟ್ ಆಯಿತು. ಕೈಯಿಂದ ಎಳೆಯುವ ಆ ಕಾರಿನ ಮುಂದೆ ನಾನು ಹೇಳಹೊರಟಿರುವ ಕಾರುಗಳ ವಯಸ್ಸು ತೀರಾ ಸಣ್ಣದು. ಆದರೂ ಚರಿತ್ರೆ ಎನ್ನುವುದಕ್ಕೆ ಅವುಗಳಲ್ಲಿಯೂ ಸಾಕಷ್ಟು ಸಾಮಗ್ರಿಯಿದೆ.

ನಮ್ಮ ಜಿಲ್ಲೆಯಲ್ಲಿ ಮೋಟಾರು ವಾಹನವೆಂದರೆ ಜನಸಾಮಾನ್ಯರ ಪಾಲಿಗೆ ಕಾರಿಗಿಂತ ಮೊದಲು ಬಸ್ಸು. ವಾಮನ ಶ್ರೀನಿವಾಸ ಕುಡ್ವರ ಹೆಸರಿನೊಡನೆ ಬೆಸೆದುಕೊಂಡ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ 1914ರಲ್ಲಿ ಆರಂಭವಾಯಿತು. ಹಿರಿಯರ ಬಾಯಲ್ಲಿ ಅದು ಎಂದೆಂದಿಗೂ ಸಿಪಿಸಿ. ಮುಂದೆ 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ ಮತ್ತು ಡಾ. ಟಿ. ಎಂ. ಎ. ಪೈಗಳೊಡನೆ ಸೇರಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಒಬ್ಬರು ಇದೇ ಕುಡ್ವರು. ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಸೇತುವೆಯಾದದ್ದೂ ಆ ಕಾಲದಲ್ಲಿಯೇ. ಉತ್ತರಕ್ಕೆ ಉಡುಪಿಯ ಕಡೆಗೆ ಹೊರಟರೆ ಮಾತ್ರ ಬಹುಕಾಲ ಕಷ್ಟವಿತ್ತು. ಕೂಳೂರಿನ ಸೇತುವೆ ಆದದ್ದು 1952ರಲ್ಲಿ. ಅದಕ್ಕೆ ಮೊದಲು ಹೊಳೆಯ ದಡಕ್ಕೆ ಬಂದ ಕಾರನ್ನು, ದೋಣಿಗಳನ್ನು ಒಟ್ಟಿಗೆ ಕಟ್ಟಿ ಮೇಲೆ ಹಲಗೆ ಹಾಸಿದ ತೇಲುಗಟ್ಟೆಯ ಮೇಲೆ ಹತ್ತಿಸಿ ದಾಟಿಸಬೇಕಾಗಿತ್ತು. ಕಾರಿನ ಒಡೆಯ ದಡದಲ್ಲಿ ಇಳಿದು ನಡೆದು ಹತ್ತುತ್ತಿದ್ದನಂತೆ. ಕಾರು ಮುಳುಗಿದರೂ ತಾನು ಮುಳುಗಬಾರದು ಎಂಬ ವಿವೇಕ.

ಆ ಕಾಲದಲ್ಲಿ ಕಾರು ಇಟ್ಟುಕೊಂಡಿದ್ದವರು ಯಾರು? ಘಟ್ಟದ ಮೇಲಿನ ಕಾಫಿ ತೋಟದ ಒಡೆಯರು, ಹಂಚಿನ ಕಾರ್ಖಾನೆಯವರು, ಬಂದರಿನ ವ್ಯಾಪಾರಿಗಳು, ಹೆಸರಾಂತ ವಕೀಲರು, ಡಾಕ್ಟರುಗಳು. ಇವರ ಜತೆಗೆ ಊರುಗಳಲ್ಲಿ ದೊಡ್ಡ ವರ್ಗದಾರರು, ಎಂದರೆ ಗೇಣಿಗೆ ಭೂಮಿ ಕೊಟ್ಟು, ವರ್ಷಕ್ಕಿಷ್ಟು ಮುಡಿ ಅಕ್ಕಿ ಎಂದು ಎಣಿಸಿಕೊಳ್ಳುತ್ತಿದ್ದ ಭೂಮಾಲಕರು. ಫೋರ್ಡ್ ಕಂಪೆನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಭಾರತದಲ್ಲಿ ಬಿಡಿಭಾಗಗಳನ್ನು ತಂದು ಕಾರು ಜೋಡಿಸಲು ಆರಂಭಿಸಿದ ಮೇಲೆ ಇಂಥವರ ಅಂಗಳಕ್ಕೆ ಕಾರು ಬರುವುದು ಸುಲಭವಾಯಿತು. ನಮ್ಮದು ಆಗ ಮದರಾಸು ಪ್ರಾಂತ. ಕಾರು, ಅದರ ಕಾಗದಪತ್ರ, ಅದರ ಬಿಡಿಭಾಗ ಎಲ್ಲಕ್ಕೂ ನಮ್ಮ ಮುಖ ಮದರಾಸಿನ ಕಡೆಗೇ ಇತ್ತು.

ಎರಡನೆಯ ಮಹಾಯುದ್ಧದ ಕಾಲದ ಇದ್ದಿಲಿನ ಬಸ್ಸುಗಳ ಬಗ್ಗೆ ನನ್ನ ತಂದೆಯವರು ಹೇಳುತ್ತಿದ್ದುದನ್ನು ಕೇಳಿಯೇ ನಾನು ಬೆಳೆದೆ. ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಅನಿಲವನ್ನು ಇಂಜಿನ್ನಿಗೆ ಊಡಿಸಿ ಓಡಿಸುತ್ತಿದ್ದರು. ಹೊರಡುವುದಕ್ಕೆ ಬಹಳ ಮೊದಲೇ ಒಬ್ಬ ಹುಡುಗ ಕೈಯಿಂದ ಗಾಳಿಯಂತ್ರ ತಿರುಗಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಟಿಕೆಟ್ಟಿಗೆ ದುಡ್ಡೂ ಕೊಟ್ಟು ಬಸ್ಸನ್ನೂ ತಳ್ಳಿದ್ದೇವೆ ಎಂದು ತಂದೆಯವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು.

ನನ್ನ ಸೋದರಮಾವನ ಮನೆ ಗುರುಪುರದ ಹೊಳೆಯ ಆಚೆಗೆ. ತೀರಾ ದೊಡ್ಡ ವರ್ಗದಾರರೇನಲ್ಲ, ಆದರೆ ಗೇಣಿಯ ಅಕ್ಕಿ ಅಂಗಳ ತುಂಬುತ್ತಿತ್ತು. ಅವರು ಆಸ್ಟಿನ್ ಎ-40 ಕೊಂಡದ್ದು ನಾನು ಹುಟ್ಟುವುದಕ್ಕೆ ಮೊದಲೇ. ಅದು ಇಂಗ್ಲೆಂಡಿನ ಕಾರು, ಆದರೆ ಜೋಡಣೆಯಾದದ್ದು ಮದರಾಸಿನ ಎಣ್ಣೂರಿನಲ್ಲಿ. 1948ರಲ್ಲಿ ರಘುನಂದನ ಸರಣ್ ಎಂಬವರು ಅಶೋಕ್ ಮೋಟಾರ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಆಸ್ಟಿನ್ ಕಾರುಗಳನ್ನು ಅಲ್ಲಿ ಜೋಡಿಸಲಾರಂಭಿಸಿದರು. ಇಂದು ರಸ್ತೆಯ ಮೇಲೆ ನೀವು ಕಾಣುವ ಅಶೋಕ್ ಲೇಲ್ಯಾಂಡ್ ಲಾರಿ, ಬಸ್ಸುಗಳ ಹೆಸರಿನ ಮೊದಲರ್ಧ ಬಂದದ್ದು ಆ ಕಾರಿನ ಸಂಸ್ಥೆಯಿಂದ. 1955ರಲ್ಲಿ ಹೆಸರು ಬದಲಾಯಿತು, ಕಾರು ಹೋಗಿ ಲಾರಿ ಉಳಿಯಿತು.

ಎ-40 ಎಂಬುದರಲ್ಲಿ 40 ಎಂದರೆ ನಲವತ್ತು ಅಶ್ವಶಕ್ತಿ. 1,200 ಸಿಸಿಯ ಇಂಜಿನ್. ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಹಿಂದಕ್ಕೆ ಬಾಗಿದ ಇಂಗ್ಲಿಷಿನ ಮೊದಲನೆಯ ಅಕ್ಷರ, ಬೆಳ್ಳಿಯಂತೆ ಹೊಳೆಯುವುದು. ನಮಗೆ ಮಕ್ಕಳಿಗೆ ಅದಕ್ಕಿಂತಲೂ ಮೋಹ, ತಿರುವಿನಲ್ಲಿ ಬಾಗಿಲುಗಳ ನಡುವಣ ಕಂಬದಿಂದ ಹೊರಗೆ ಚಾಚಿಕೊಳ್ಳುತ್ತಿದ್ದ ಪುಟ್ಟ ಕೈಯ ಮೇಲೆ. ಈಗಿನಂತೆ ಮಿಣುಕುವ ದೀಪವಲ್ಲ. ನಿಜವಾಗಿಯೂ ಕೈ ಎತ್ತಿದಂತೆ ಒಂದು ಪಟ್ಟಿ ಹೊರಬಂದು, ತಿರುವು ಮುಗಿದ ಮೇಲೆ ಒಳಗೆ ಮಡಚಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಅದು ಅರ್ಧಕ್ಕೇ ಸಿಕ್ಕಿಕೊಳ್ಳುವುದು ವಾಡಿಕೆ. ಆಗ ಒಳಗಿನಿಂದ ಕಂಬಕ್ಕೆ ಒಂದು ಗುದ್ದು ಕೊಡಬೇಕು. ಆ ಗುದ್ದು ಕೊಡುವ ಹಕ್ಕಿಗಾಗಿ ನಾವು ಸೋದರ ಸಂಬಂಧಿಗಳು ಜಗಳವಾಡಿದ್ದು ಓದುತ್ತಿರುವ ಕೆಲವರಿಗೆ ನೆನಪಿರಬೇಕು.

ಕಾರನ್ನು ಓಡಿಸುತ್ತಿದ್ದವರು ಮಾವನಲ್ಲ. ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಒಬ್ಬ ಬ್ಯಾರಿ ಹಿರಿಯರು. ಹೆಸರು ಬೇಡ, ಅವರ ಮಕ್ಕಳು ಇದೇ ಊರಿನಲ್ಲಿದ್ದಾರೆ. ಕಾಕ ಬೆಳಗ್ಗೆ ಬಂದು ಮೊದಲು ನೀರು ನೋಡುವರು, ಎಣ್ಣೆ ನೋಡುವರು, ಆಮೇಲೆ ಮುಂದಿನ ತೂತಿಗೆ ಹ್ಯಾಂಡಲ್ ತೂರಿಸಿ ಒಂದು ಸುತ್ತು ಮೆಲ್ಲಗೆ, ಎರಡನೆಯದು ಜೋರಾಗಿ. ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತಬಾರದು, ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಿಸಬೇಕು, ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ ಎಂದು ನನಗೆ ಕಲಿಸಿದವರು ಅವರು. ಬಿ.ಎಡ್. ತರಬೇತಿಯಲ್ಲಿ ಮಾಡಿ ಕಲಿಸುವ ವಿಧಾನದ ಬಗ್ಗೆ ಉಪನ್ಯಾಸ ಕೇಳಿದಾಗಲೆಲ್ಲ ನನಗೆ ಕಾಕನ ಹೆಬ್ಬೆರಳೇ ನೆನಪಾಗುತ್ತಿತ್ತು.

ಇಷ್ಟು ಹಳೆಯ ಕಾರು ಎಪ್ಪತ್ತರ ದಶಕದವರೆಗೆ ಓಡಿದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ದೇಶದ ಚರಿತ್ರೆಯಲ್ಲಿದೆ. ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಮೊದಲು ಹಟ ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಮೂವತ್ತರ ದಶಕದಲ್ಲಿ ವಿದೇಶದ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದರು ಅದರಲ್ಲಿ ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಚನೆಯೂ ನಡೆದು, ಬ್ರಿಟಿಷ್ ಸರಕಾರದ ಅಸಮ್ಮತಿಯಿಂದ ಅದು ಕೈಗೂಡಲಿಲ್ಲ. ಅದೇ ವಾಲಚಂದರು 1940ರಲ್ಲಿ ಮೈಸೂರು ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆ. ಕಾರು ಬೇಡವೆಂದವರು ಯುದ್ಧ ಬಂದಾಗ ವಿಮಾನಕ್ಕೆ ಒಪ್ಪಿದರು! ಸ್ವಾತಂತ್ರ್ಯಾನಂತರ, 1953ರಲ್ಲಿ, ಬರಿಯ ಜೋಡಣೆ ಸಾಲದು, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವವರು ಮಾತ್ರ ಉಳಿಯಬೇಕು ಎಂಬ ನೀತಿ ಬಂತು. ಫೋರ್ಡ್, ಜನರಲ್ ಮೋಟಾರ್ಸ್ ಬಾಗಿಲು ಮುಚ್ಚಿದವು. ಉಳಿದದ್ದು ಕಲಕತ್ತೆಯ ಬಳಿಯ ಹಿಂದುಸ್ಥಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಜನರ ಬಾಯಲ್ಲಿ ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಹೊಸ ಕಾರು ಬೇಕಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಆದುದರಿಂದ ಇದ್ದ ಕಾರನ್ನು ಯಾರೂ ಸಾಯಲು ಬಿಡುತ್ತಿರಲಿಲ್ಲ.

ಸಾಯಲು ಬಿಡದೆ ಉಳಿಸಿದ್ದು ಊರಿನ ಕೈಗಳು. ಬಾಸೆಲ್ ಮಿಷನ್ನಿನವರು ಹಂಚು, ನೇಯ್ಗೆಗಳ ಜತೆಗೆ ಯಂತ್ರಶಾಲೆಯನ್ನೂ ನಡೆಸಿ ಮಂಗಳೂರಿನಲ್ಲಿ ಲೇತು, ಕುಲುಮೆಗಳ ವಿದ್ಯೆಯನ್ನು ಬಿತ್ತಿದ್ದರು. ಕುಡ್ವರು 1943ರಲ್ಲಿ ಆರಂಭಿಸಿದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಪಟ್ಟಿ ಸ್ಪ್ರಿಂಗುಗಳಿಗೆ ಹೆಸರಾಯಿತು. ಇವು ಪುಸ್ತಕದಲ್ಲಿ ಸಿಗುವ ಹೆಸರುಗಳು. ಹೆಸರಿಲ್ಲದವರು ಬಂದರು, ಕುದ್ರೋಳಿ, ಪಂಪ್‌ವೆಲ್‌ಗಳ ಸಣ್ಣ ಗ್ಯಾರೇಜುಗಳಲ್ಲಿದ್ದರು. ಸಿಗದ ಬಿಡಿಭಾಗವನ್ನು ಲೇತಿನಲ್ಲಿ ಕೊರೆದು ಕೊಡುವರು; ಒಂದು ಕಂಪೆನಿಯ ಕಾರಿಗೆ ಇನ್ನೊಂದರ ಕಾರ್ಬುರೇಟರ್ ಕೂರಿಸುವರು. ಇಂದಿನ ವಿಂಟೇಜ್ ಕಾರಿನ ತೀರ್ಪುಗಾರರು ಅದನ್ನು ಕಂಡರೆ ಅಂಕ ಕಡಿಮೆ ಮಾಡುತ್ತಾರೆ, ಕಾರು ಮೂಲರೂಪದಲ್ಲಿಲ್ಲ ಎನ್ನುತ್ತಾರೆ. ನಾನು ತೀರ್ಪುಗಾರನಾಗಿದ್ದರೆ ಅದಕ್ಕೇ ಹೆಚ್ಚು ಅಂಕ ಕೊಡುತ್ತಿದ್ದೆ.

ಅಂಥ ಕಾರುಗಳು ನಮ್ಮ ಜಿಲ್ಲೆಯಲ್ಲಿ ನಿಂತುಹೋದದ್ದಕ್ಕೆ ಸಮುದ್ರದ ಉಪ್ಪುಗಾಳಿಯನ್ನೂ, ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲ್ಪಟ್ಟ ಮಳೆಯನ್ನೂ ದೂರುವುದು ರೂಢಿ. ಅದು ಸುಳ್ಳಲ್ಲ. ಆದರೆ ಮಾವನ ಕಾರನ್ನು ನಿಲ್ಲಿಸಿದ್ದು ಮಳೆಯಲ್ಲ. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧವಾಗಿ ತೈಲದ ಬೆಲೆ ಏರಿತು. 1974ರ ಮಾರ್ಚ್ 1ರಂದು, ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಕೊಟ್ಟರು, ಉಳುವವನೇ ಒಡೆಯನಾದ. ಆರು ತಿಂಗಳ ಅಂತರದಲ್ಲಿ ಪೆಟ್ರೋಲು ತುಟ್ಟಿಯಾಯಿತು, ಪೆಟ್ರೋಲಿಗೆ ದುಡ್ಡಾಗುತ್ತಿದ್ದ ಅಕ್ಕಿಮುಡಿ ಬರುವುದು ನಿಂತಿತು. ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹಳೆಯ ಕಾರುಗಳು ಗಾಡಿಕೊಟ್ಟಿಗೆ ಸೇರಿದ್ದು ಈ ವರ್ಷಗಳಲ್ಲಿಯೇ. ಕಾನೂನು ಬಂದದ್ದು ನ್ಯಾಯವೇ ಎಂದು ನಾನು ತರಗತಿಯಲ್ಲಿಯೂ ಹೇಳಿದ್ದೇನೆ, ಮಾವನ ಎದುರಿನಲ್ಲಿಯೂ ಹೇಳಿದ್ದೇನೆ. ಎರಡನೆಯದಕ್ಕೆ ಒಂದು ವರ್ಷ ಅವರು ನನ್ನೊಡನೆ ಮಾತು ಬಿಟ್ಟರು. ನಾವು ಆ ಕಾರಿನಲ್ಲಿ ಕುಳಿತು ಮಂಗಳೂರಿಗೆ ಐಸ್‌ಕ್ರೀಮ್ ತಿನ್ನಲು ಹೋದದ್ದು ಯಾರ ಗದ್ದೆಯ ಅಕ್ಕಿಯಿಂದ ಎಂಬುದು ಚರಿತ್ರೆಯ ಮೇಷ್ಟ್ರಾದವನಿಗೆ ಗೊತ್ತಿರಬೇಕಲ್ಲ? ಹಳೆಯ ಕಾರನ್ನು ಕೊಳ್ಳುವವರು ಅದರ ಮೊದಲ ಒಡೆಯನ ಹೆಸರನ್ನು ಅಭಿಮಾನದಿಂದ ಹೇಳುತ್ತಾರೆ. ಅದರ ಜತೆಗೆ ಇದೂ ಸೇರಿದೆ.

ಕಾರು ನಿಂತಿತು, ಕಾಕ ಬರುವುದು ನಿಲ್ಲಲಿಲ್ಲ. ಅವರು ಆಗ ಟ್ಯಾಕ್ಸಿ ಓಡಿಸುತ್ತಿದ್ದರು. ನಮ್ಮ ಕಡೆ ಸರ್ವಿಸ್ ಕಾರು ಎನ್ನುವ ಅಂಬಾಸಿಡರಿನಲ್ಲಿ ಹತ್ತು ಹನ್ನೆರಡು ಜನರನ್ನು ತುಂಬಿಸಿ ಹೋಗುವ ಕೆಲಸ. ಆದರೂ ತಿಂಗಳಿಗೊಮ್ಮೆ ಬಂದು ಹ್ಯಾಂಡಲ್ ಹೊಡೆದು, ಐದು ನಿಮಿಷ ಇಂಜಿನ್ ಓಡಿಸಿ, ಟಯರುಗಳ ಕೆಳಗೆ ಇಟ್ಟಿದ್ದ ಮರದ ತುಂಡುಗಳನ್ನು ಸರಿಪಡಿಸಿ ಹೋಗುತ್ತಿದ್ದರು. ಯಾರೂ ಸಂಬಳ ಕೊಡುತ್ತಿರಲಿಲ್ಲ. ಅತ್ತೆ ಒಂದು ಲೋಟ ಚಹಾ ಕೊಡುತ್ತಿದ್ದರು.

1983ರಲ್ಲಿ ಮಾವ ತೀರಿಕೊಂಡರು. ಮರುವರ್ಷ ಬೇಸಿಗೆಯಲ್ಲಿ ಅತ್ತೆ ನನ್ನನ್ನು ಕರೆಸಿದರು. ಕೊಟ್ಟಿಗೆ ಬೇಕು, ಸೌದೆ ಇಡಲು ಸ್ಥಳವಿಲ್ಲ. ಕಾರನ್ನು ಏನು ಮಾಡುವುದು, ನೀನು ಓದಿದವ, ನೀನೇ ಹೇಳು ಎಂದರು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು, ಇಪ್ಪತ್ತೈದರ ವಯಸ್ಸು. ದೇಶದಲ್ಲಿ ಆಗಷ್ಟೇ, 1983ರ ಡಿಸೆಂಬರಿನಲ್ಲಿ, ಮಾರುತಿ 800 ಬಂದಿತ್ತು. ಎಲ್ಲರ ಬಾಯಲ್ಲಿ ಅದೇ ಮಾತು. ಈ ಹಳೆಯ ಕಬ್ಬಿಣವನ್ನು ಯಾರು ಕೇಳುತ್ತಾರೆ, ಗುಜರಿಗೆ ಹಾಕಿ ಎಂದೆ. ಗುಜರಿಯವನು ಬಂದು ತೂಕ ಅಂದಾಜಿಸಿ 1,400 ರೂಪಾಯಿ ಎಂದ, ನಗದು.

ಅಂದು ಮಧ್ಯಾಹ್ನ ಕಾಕ ಬಂದರು. ಯಾರೋ ಹೇಳಿದ್ದರು. ಅಂಗಳದ ಕೆಳಗೇ ನಿಂತು, "ಮಾಷ್ಟ್ರೇ, ನನಗೆ ಕೊಡಿ. ಅಷ್ಟೇ ಕೊಡ್ತೇನೆ. ತಿಂಗಳಿಗೆ ನೂರು ರೂಪಾಯಿಯಂತೆ" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಏನು ಹೇಳಿದೆ ಎಂಬುದು ಅಕ್ಷರಶಃ ನೆನಪಿದೆ. "ಕಾಕ, ನಿಮಗೆ ಇದರಿಂದ ಏನು ಪ್ರಯೋಜನ? ಸುಮ್ಮನೆ ದುಡ್ಡು ದಂಡ." ಅವರ ಒಳಿತಿಗಾಗಿ ಹೇಳಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ನಿಜವೆಂದರೆ, ಕಂತು ವಸೂಲಿಯ ಜಂಜಾಟ ಬೇಡ ಎನಿಸಿತ್ತು. ಮತ್ತೂ ನಿಜವೆಂದರೆ, ಮಾವನ ಕಾರನ್ನು ಅವರ ಡ್ರೈವರು ಓಡಿಸಿಕೊಂಡು ಊರಿನಲ್ಲಿ ತಿರುಗುವುದು ನನಗೆ ಇಷ್ಟವಿರಲಿಲ್ಲ. ಉಳುವವನೇ ಒಡೆಯ ಎಂದು ಮಾವನಿಗೆ ಪಾಠ ಹೇಳಿದ್ದವನು ನಾನು.

ಕಾಕ ವಾದಿಸಲಿಲ್ಲ. ಹ್ಯಾಂಡಲ್ ಮಾತ್ರ ಕೊಡಿ ಎಂದರು. ಕೊಟ್ಟೆ. ಮರುದಿನ ಗುಜರಿಯವರು ಗ್ಯಾಸ್ ಕಟ್ಟರ್ ತಂದು ಅಂಗಳದಲ್ಲಿಯೇ ಕಾರನ್ನು ಎರಡಾಗಿ ಕತ್ತರಿಸಿ ಲಾರಿಗೆ ಹಾಕಿದರು. ಅದೇ ವಾರ ಶಾಲೆಯಲ್ಲಿ ಹಲ್ಮಿಡಿ ಶಾಸನದ ಪಾಠವಿತ್ತು. ಊರ ಕಲ್ಲಿನಲ್ಲಿ ಬರಹವಿದೆ ಎಂದು ಎಂ. ಎಚ್. ಕೃಷ್ಣರು 1936ರಲ್ಲಿ ಗುರುತಿಸದಿದ್ದರೆ ನಮಗೆ ಅದು ಬರಿಯ ಕಲ್ಲಾಗಿಯೇ ಉಳಿಯುತ್ತಿತ್ತು ಎಂದು ಮಕ್ಕಳಿಗೆ ಹೇಳಿದೆ. ಹೇಳುವಾಗ ಏನೂ ಅನಿಸಲಿಲ್ಲ. ಅನಿಸಿದ್ದು ವರ್ಷಗಳ ಮೇಲೆ.

ಅಷ್ಟರಲ್ಲಿ ಬೇರೆಡೆ ಬೇರೆಯವರು ಎಚ್ಚರಗೊಂಡಿದ್ದರು. ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ, 1968ರಲ್ಲಿ ಕಲಕತ್ತೆಯಲ್ಲಿ ಹಳೆಯ ಕಾರುಗಳ ರ‍್ಯಾಲಿ ಆರಂಭಿಸಿತ್ತು. 1971ರಲ್ಲಿ ರಾಜಧನ ರದ್ದಾದಾಗ ಸಂಸ್ಥಾನಿಕರ ಮನೆಗಳ ರೋಲ್ಸ್‌ರಾಯ್ಸ್ ಮುಂತಾದ ಕಾರುಗಳು ವಿದೇಶೀ ಸಂಗ್ರಾಹಕರ ಪಾಲಾಗುತ್ತಿರುವುದನ್ನು ಕಂಡು ಸರಕಾರ 1972ರಲ್ಲಿ ವಿಂಟೇಜ್ ಕಾರುಗಳ ರಫ್ತನ್ನು ನಿಷೇಧಿಸಿತ್ತು. ಮೈಸೂರಿನ ಅರಸರು ರೋಲ್ಸ್‌ರಾಯ್ಸ್ ಕೊಂಡರೆ ಏಳೇಳರಂತೆ ಕೊಳ್ಳುತ್ತಿದ್ದರೆಂಬ ಮಾತು ಪ್ರಚಲಿತದಲ್ಲಿದೆ. ಏಳೋ ಎರಡೋ, ಅರಮನೆಯ ಕಾರಿಗೆ ಕಾಯುವವರು ಇದ್ದೇ ಇರುತ್ತಾರೆ. ಗುರುಪುರದ ಆಸ್ಟಿನ್ನಿಗೆ ಇದ್ದವರು ಕಾಕ ಒಬ್ಬರೇ.

ನಮ್ಮ ಜಿಲ್ಲೆಯಲ್ಲಿ ಅಂಥ ಸಾಮಾನ್ಯ ಕಾರುಗಳಿಗೂ ಒಂದು ಜಾಗ ಸಿಕ್ಕಿದ್ದು ಧರ್ಮಸ್ಥಳದಲ್ಲಿ. 1968ರಲ್ಲಿ, ಇಪ್ಪತ್ತು ತುಂಬುವ ಮೊದಲೇ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರಿಗೆ ಕಾರುಗಳ ಮೇಲೆ ಮೊದಲಿನಿಂದಲೂ ಒಲವು. ಮಂಜೂಷಾ ವಸ್ತುಸಂಗ್ರಹಾಲಯದ ಜತೆಗೆ ಹಳೆಯ ಕಾರುಗಳ ಸಂಗ್ರಹವನ್ನೂ ಅವರು ಬೆಳೆಸಿದರು. ಶ್ರೀರಂಗಪಟ್ಟಣದ ಬಳಿ ಮೈಸೂರು ಹೆದ್ದಾರಿಯ ಬದಿಗೆ ‘ಪಯಣ’ ಎಂಬ ಕಾರು ಸಂಗ್ರಹಾಲಯವನ್ನೂ ಅವರೇ ಮಾಡಿದ್ದಾರೆ. ನಿಮ್ಮಲ್ಲಿ ಅನೇಕರನ್ನು ನಾನು ಶಾಲಾ ಪ್ರವಾಸದಲ್ಲಿ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದೇನೆ. ಊಟದ ಸರದಿಗೆ ಹೊತ್ತಾಯಿತೆಂದು ನೀವು ಗಲಾಟೆ ಮಾಡುತ್ತಿದ್ದಿರಿ, ಮೇಷ್ಟ್ರು ಕಾರುಗಳ ಬಳಿಯಿಂದ ಕದಲುತ್ತಿರಲಿಲ್ಲ. ಕಾರಣ ಈಗ ತಿಳಿಯಿತಷ್ಟೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಮಾರಾಯ, ಮೊದಲು ಕಾರನ್ನು ನೋಡಬೇಡ, ಕಾಗದ ನೋಡು. ಆ ಕಾರು ನೋಂದಣಿಯಾದಾಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಹೋಯಿತು, ಕಾರಿನ ಕಾಗದವೂ ಹೋಯಿತು. ಮೂಲ ಆರ್‌ಸಿ ಪುಸ್ತಕ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇದೆಯೇ ಎಂದು ಕೇಳು. ಅದರಲ್ಲಿರುವ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳು ಕಾರಿನ ಮೇಲಿನವುಗಳೊಡನೆ ಹೊಂದಬೇಕು. ಪುಸ್ತಕದಲ್ಲಿರುವ ಒಡೆಯರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ನಿನ್ನ ಹೆಸರಿಗೆ, ಅದಕ್ಕೆ 29 ಮತ್ತು 30. ರಾಜ್ಯ ಬದಲಾಗುವುದರಿಂದ ನಿರಾಕ್ಷೇಪಣ ಪತ್ರಕ್ಕೆ 28. ವಾರಸುದಾರರು ಮೂವರಿದ್ದರೆ ಮೂವರ ಸಹಿಯೂ ಬೇಕು. ಒಬ್ಬರು ಮಸ್ಕತ್ತಿನಲ್ಲಿರುತ್ತಾರೆ, ಅದು ನಮ್ಮೂರ ನಿಯಮ.

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ಖಾಸಗಿ ಕಾರು ಅಥವಾ ದ್ವಿಚಕ್ರ ವಾಹನಕ್ಕೆ ಹತ್ತು ವರ್ಷಗಳ ನೋಂದಣಿ. ಹೊಸದಾದರೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಹೊಸ ಸಂಖ್ಯೆಯಾದರೆ ವಿಎ ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿಯಾಗಿದ್ದ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ಆದುದರಿಂದ ಅದರಲ್ಲಿ ಆಫೀಸಿಗೆ ಹೋಗುವ ಆಸೆಯಿದ್ದರೆ ಬಿಟ್ಟುಬಿಡು.

ಆಮೇಲೆ ಕಾರು. ಬಣ್ಣ, ಸೀಟು ನೋಡಬೇಡ. ಒಂದು ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಮಲಗಿ, ಬಾಗಿಲುಗಳ ಕೆಳಗಿನ ಪಟ್ಟಿ, ಸ್ಪ್ರಿಂಗು ಕೂರುವ ಜಾಗ, ಮಡ್‌ಗಾರ್ಡಿನ ಒಳಮೈ ಇವನ್ನು ಚುಚ್ಚಿ ನೋಡು. ಇಂಜಿನ್ ಜಾಮ್ ಆಗಿದ್ದರೆ ಬಿಡಿಸಬಹುದು, ತುಕ್ಕು ತಿಂದ ಅಡಿಯನ್ನು ಮರಳಿ ತರುವುದು ಹೊಸದಾಗಿ ಕಟ್ಟಿದಂತೆಯೇ. ಪೆಟ್ರೋಲಿನ ಹಳೆಯ ರಬ್ಬರ್ ಕೊಳವೆಗಳನ್ನೆಲ್ಲ ಬದಲಾಯಿಸು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಹಳೆಯ ರಬ್ಬರು ಅದನ್ನು ತಡೆಯುವುದಿಲ್ಲ. ಇದು ನನ್ನ ವಿದ್ಯೆಯಲ್ಲ, ಕಾಕನ ಮಗ ಹೇಳಿದ್ದು.

ಹೌದು, ನಿನ್ನ ಫೋನು ಬಂದ ಮೇಲೆ ನಾನು ಅವರಲ್ಲಿಗೆ ಹೋದೆ. ನಲವತ್ತು ವರ್ಷಗಳಲ್ಲಿ ಮೊದಲ ಬಾರಿ. ಕಾಕ ತೀರಿಹೋಗಿ ಬಹಳ ಕಾಲವಾಗಿದೆ. ಮಗನಿಗೂ ಗಡ್ಡ ಬೆಳ್ಳಗಾಗಿದೆ. ಅವರದೇ ಸಣ್ಣ ಗ್ಯಾರೇಜು. ಹೋದ ಕೆಲಸ ಹೇಳುವುದಕ್ಕೆ ಮೊದಲು 1984ರ ವಿಷಯ ತೆಗೆದೆ. ಅವರು ನನ್ನ ಮಾತು ಮುಗಿಯುವವರೆಗೆ ಕೇಳಿ, "ಬಾಪ ಅದನ್ನು ಮನೆಯಲ್ಲಿ ಹೇಳಿದ್ದರು ಮಾಷ್ಟ್ರೇ" ಎಂದರು. ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ, ಎನ್ನಬೇಕೆಂದು ನಾನೂ ಕಾಯಲಿಲ್ಲ. ಒಳಗೆ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ಹ್ಯಾಂಡಲ್ ಇತ್ತು. ಎಣ್ಣೆ ಹಚ್ಚಿದ್ದರು, ತುಕ್ಕಿನ ಸುಳಿವಿರಲಿಲ್ಲ.

ಕಾಸರಗೋಡಿನ ಕಾರಿಗೆ ಹ್ಯಾಂಡಲ್ ಇಲ್ಲವೆಂದು ನೀನು ಹೇಳಿದ್ದೆಯಲ್ಲ, ಅದನ್ನು ಕೇಳಿಯೇಬಿಟ್ಟೆ. ಮಾರುವುದಿಲ್ಲ, ಕೊಡುವುದೂ ಇಲ್ಲ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಕಾರಿನ ಅಡಿ ಗಟ್ಟಿಯಿದೆಯಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮಳೆ ನಿಂತ ಮೇಲೆ ಒಂದು ಭಾನುವಾರ ತಾವೂ ಕಾಸರಗೋಡಿಗೆ ಬರುವುದಾಗಿ, ಹ್ಯಾಂಡಲ್ ಜತೆಗೆ ತರುವುದಾಗಿ ಹೇಳಿದ್ದಾರೆ. ಪ್ಲಗ್ ಬಿಚ್ಚಿ ಎಣ್ಣೆ ಬಿಡದೆ ಯಾರೂ ಇಂಜಿನ್ ತಿರುಗಿಸಬಾರದು ಎಂದು ಮನೆಯವರಿಗೆ ಈಗಲೇ ಹೇಳಬೇಕಂತೆ. ನೀನು ಫೋನು ಮಾಡಿ ಹೇಳಿಬಿಡು. ಭಾನುವಾರ ಯಾವುದೆಂದು ನನಗೂ ತಿಳಿಸು, ನಾನು ಹಿಂದಿನ ಸೀಟಿನಲ್ಲಿ ಕುಳಿತು ಬರುತ್ತೇನೆ.